ಶ್ರುತಿ ಅಲ್ಲೇ, ದನಿ ಮಾತ್ರ ಬೇರೆ

ಸವದತ್ತಿ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಚೌಡಕಿ ಪದ ಕೇಳುತ್ತ ನಿಂತವರ ಕಿವಿಗೆ ಒಮ್ಮೊಮ್ಮೆ ವಿಚಿತ್ರ ಸ್ವರವೊಂದು ಬೀಳುತ್ತದೆ. ಪಡ್ಡೆ ಹುಡುಗನೊಬ್ಬ ಹಾರುವ ಪುಗ್ಗಾದ ಬಾಯಿ ಬಿಚ್ಚಿ, ಒಳಗಿನ ಗಾಳಿ ಎಳೆದುಕೊಂಡು ‘ಉಧೋ ಉಧೋ’ ಅನ್ನುತ್ತಾನೆ. ಬರುವುದು ಗುಬ್ಬಿಯ ದನಿ. ಗೆಳೆಯರು ಬಿದ್ದು ಬಿದ್ದು ನಗುತ್ತಾರೆ. ಗಾಯನದ ರಸಿಕರಾದ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಅವನ ಶ್ರುತಿ ನಿಜಕ್ಕೂ ಏರಿತೇ?

ಏರಿಲ್ಲ. ಪುಗ್ಗಾದಲ್ಲಿ ಹೀಲಿಯಂ ಇದೆ ಅಂತಲೇ ಇಟ್ಟುಕೊಳ್ಳೋಣ. ಕಂಠದ ತಂತುಗಳು ಎಷ್ಟು ವೇಗವಾಗಿ ಕಂಪಿಸುತ್ತವೆ ಎಂಬುದು ಅವುಗಳ ಬಿಗಿತ, ದಪ್ಪಕ್ಕೆ ಬಿಟ್ಟದ್ದು. ಸುತ್ತಲಿನ ಅನಿಲಕ್ಕೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಬದಲಾಗುವುದು ಗಂಟಲು, ಬಾಯಿಗಳ ಪೊಳ್ಳಿನ ಅನುರಣನ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ಹೀಲಿಯಂನಲ್ಲಿ ಸುಮಾರು 1000 ಮೀಟರ್ ಓಡುತ್ತದೆ. ಆಗ ಆ ಪೊಳ್ಳು ಎತ್ತಿ ಹಿಡಿಯುವ ನಾದಾಂಶಗಳೆಲ್ಲ ಮೇಲಕ್ಕೆ ಸರಿಯುತ್ತವೆ. ಷಡ್ಜ ಷಡ್ಜವೇ, ಅದರ ಗಾಂಭೀರ್ಯ ಹೋಗಿರುತ್ತದೆ. ಚೌಡಕಿಯ ತಂತಿ, ಹಾರ್ಮೋನಿಯಂನ ರೀಡು ಕೂಡ ಹೀಲಿಯಂಗೆ ಜಗ್ಗುವುದಿಲ್ಲ. ಕೊಳಲಿನ ಕಥೆ ಬೇರೆ. ಅಲ್ಲಿ ನುಡಿಯುವುದೇ ಒಳಗಿನ ಅನಿಲ. ಬರೀ ಹೀಲಿಯಂ ತುಂಬಿ ಊದಿದರೆ ಸ್ವರ ಸುಮಾರು ಒಂದೂವರೆ ಸಪ್ತಕ ಜಿಗಿಯುತ್ತದೆ. ಜಾತಿ ಕಂಠವೆಂದು ನಾವು ತಲೆದೂಗುವುದರಲ್ಲಿ ಈ ಪೊಳ್ಳಿನ ಪಾಲು ಎಷ್ಟು ದೊಡ್ಡದೆಂದು ತಿಳಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನಾನು ಕಾಣೆ.

ಇದನ್ನು ವಾರಗಟ್ಟಲೆ ಅನುಭವಿಸಿದವರೂ ಇದ್ದಾರೆ. ಆಳ ಸಮುದ್ರದ ಒತ್ತಡದಲ್ಲಿ ಗಾಳಿಯ ನೈಟ್ರೋಜನ್ ಮುಳುಗುಗಾರರಿಗೆ ಅಮಲೇರಿಸುತ್ತದೆ. ಹೀಲಿಯಂಗೆ ಆ ಗುಣವಿಲ್ಲದ್ದರಿಂದ ಆಮ್ಲಜನಕದ ಜೊತೆ ಅದನ್ನು ಬೆರೆಸಿ ಕೊಡುತ್ತಾರೆ. 1965ರಲ್ಲಿ ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್ ‘ಸೀಲ್ಯಾಬ್-2’ ಎಂಬ ಕಡಲತಳದ ಮನೆಯಲ್ಲಿದ್ದು ಮೇಲೆ ಬಂದ. ಇನ್ನೂ ಒತ್ತಡದ ಕೋಣೆಯಲ್ಲಿದ್ದಾಗಲೇ ಅಮೆರಿಕದ ಅಧ್ಯಕ್ಷ ಜಾನ್ಸನ್ ಜೊತೆ ಫೋನಿನಲ್ಲಿ ಮಾತಾಡಿದ್ದು ಇದೇ ಗುಬ್ಬಿ ದನಿಯಲ್ಲಿ.

ಈ ಅನಿಲದ ಮೊದಲ ಸುಳಿವಿಗೂ ನಮ್ಮ ಸೀಮೆಗೂ ನಂಟಿದೆ. ರಾಮದುರ್ಗದಿಂದ ಲೋಕಾಪುರ, ಮುಧೋಳ ದಾಟಿದರೆ ಜಮಖಂಡಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣಕ್ಕೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ರೋಹಿತದರ್ಶಕ ಹೂಡಿ ಕೂತಿದ್ದ. ಮೋಡದ ಕಾಟದ ನಡುವೆಯೂ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆ ಗೆರೆ ಸೋಡಿಯಂನದೆಂದು ಅವನ ಎಣಿಕೆ. ಅದು ಬೇರೆಯೇ ಧಾತುವಿನದೆಂದು ಆಮೇಲೆ ಖಗೋಳ ವಿಜ್ಞಾನಿ ಲಾಕ್ಯರ್ ಹೇಳಿದ. 1895ರಲ್ಲಿ ರಸಾಯನ ವಿಜ್ಞಾನಿ ರ‍್ಯಾಮ್ಸೆ ಅದನ್ನು ಭೂಮಿಯ ಖನಿಜದಲ್ಲೇ ಹಿಡಿದ. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡಿದ ಜಾನ್ಸೆನ್ ಹೆಸರು ಎಲ್ಲ ಪುಸ್ತಕಗಳಲ್ಲಿದೆ. ಜಮಖಂಡಿಗೂ ಒಂದು ಸಾಲು ಸಿಗಬೇಕಿತ್ತು.

ಹೀಲಿಯಂ ಮನೆತನದ್ದೇ ಆದ ಕ್ಸೆನಾನ್ ಅನಿಲ ಇದಕ್ಕೆ ತದ್ವಿರುದ್ಧವಾಗಿ ದನಿಯನ್ನು ತಗ್ಗಿಸಿ ಗೊಗ್ಗರು ಮಾಡುತ್ತದೆ. ಯಾವುದರೊಡನೆಯೂ ಸುಲಭಕ್ಕೆ ಬೆರೆಯದ ಈ ಅನಿಲ ಮನುಷ್ಯನ ಪ್ರಜ್ಞೆ ತಪ್ಪಿಸಬಲ್ಲದು. 1951ರಿಂದಲೇ ಅರಿವಳಿಕೆಯಾಗಿ ಬಳಸಿದ್ದಾರೆ. 2025ರ ಮೇ ತಿಂಗಳಲ್ಲಿ ನಾಲ್ವರು ಬ್ರಿಟಿಷರು, ಎತ್ತರಕ್ಕೆ ಮೈ ಬೇಗ ಒಗ್ಗಲೆಂದು ಮೊದಲೇ ಇದನ್ನು ಉಸಿರಾಡಿ, ಲಂಡನ್ ಬಿಟ್ಟ ವಾರದೊಳಗೆ ಎವರೆಸ್ಟ್ ಏರಿದರು. ಅದು ಕ್ಸೆನಾನ್ ಮಹಿಮೆಯೆಂದು ನಾನಂತೂ ಒಪ್ಪಲಾರೆ. ಅವರು ಕಡಿಮೆ ಆಮ್ಲಜನಕದ ಡೇರೆಗಳಲ್ಲಿ ಮಲಗಿ ಅಭ್ಯಾಸ ಮಾಡಿದ್ದರು, ಬೆಟ್ಟದ ಮೇಲೆ ಸಿಲಿಂಡರ್ ಆಮ್ಲಜನಕವನ್ನೂ ಬಳಸಿದ್ದರು.

ಪುಗ್ಗಾದ ಮಾತಿಗೆ ಬಂದರೆ, ಈ ಪ್ರಯೋಗವನ್ನು ಯಾರೂ ಮನೆಯಲ್ಲಿ ಮಾಡಬಾರದು. ಹೀಲಿಯಂ ವಿಷವಲ್ಲ, ಆದರೆ ಎದೆಗೂಡಿನ ಆಮ್ಲಜನಕವನ್ನು ಹೊರದೂಡುತ್ತದೆ; ಕೆಲವೇ ಉಸಿರಿಗೆ ಎಚ್ಚರ ತಪ್ಪಬಹುದು. ಸಿಲಿಂಡರಿಗೇ ಬಾಯಿ ಹಚ್ಚಿದರೆ ಒತ್ತಡಕ್ಕೆ ಶ್ವಾಸಕೋಶ ಹರಿಯಬಹುದು. ಇನ್ನು ಜಾತ್ರೆಯ ಪುಗ್ಗಾದಲ್ಲಿ ಹೀಲಿಯಂ ಇದ್ದೇ ಇರುತ್ತದೆಂಬ ಖಾತ್ರಿಯೂ ಇಲ್ಲ. ಅಲ್ಯುಮಿನಿಯಂ ಚೂರಿಗೆ ಕಾಸ್ಟಿಕ್ ಸೋಡಾ ಹಾಕಿ ತೆಗೆಯುವ ಅಗ್ಗದ ಹೈಡ್ರೋಜನ್ ತುಂಬುವವರಿದ್ದಾರೆ. ಬೀಡಿಯ ಕಿಡಿ ತಾಗಿದರೂ ಅದು ಭಗ್ಗೆನ್ನುತ್ತದೆ. ಬನದ ಹುಣ್ಣಿಮೆಗೋ ಕಿತ್ತೂರು ಉತ್ಸವಕ್ಕೋ ಮಕ್ಕಳನ್ನು ಕರೆದುಕೊಂಡು ಹೋಗುವವರು ಬಾಯಿಂದ ಊದುವ ಪುಗ್ಗಾವನ್ನೇ ಕೊಡಿಸಿ, ಸಿಲಿಂಡರಿನ ಹತ್ತಿರ ಅವರನ್ನು ನಿಲ್ಲಗೊಡಬೇಡಿ.