ಕವಿಯ ಕಣ್ಣು, ಚಕ್ರವರ್ತಿಯ ಗುಳಿಗೆ

ಕೆಲವು ವರ್ಷಗಳ ಹಿಂದೆ ಒಂದು ಸಾಹಿತ್ಯ ಸಂಘದವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ವಿಷಯ ನನ್ನ ಆಯ್ಕೆಗೇ ಬಿಟ್ಟದ್ದು. ಚೀನಾದ ತಾಂಗ್ ಕಾಲದ ಕಾವ್ಯವನ್ನು ಇಂಗ್ಲಿಷ್ ಅನುವಾದಗಳಲ್ಲಿ ಓದುವ ಹವ್ಯಾಸ ನನಗೆ ಬಹುಕಾಲದಿಂದ ಉಂಟು. ಆ ಉತ್ಸಾಹದಲ್ಲಿ ‘ಚೀನೀ ಕಾವ್ಯದಲ್ಲಿ ಭಾರತ’ ಎಂದು ಒಂದು ಗಂಟೆ ಮಾತನಾಡಿದೆ. ನಮ್ಮ ಸುಶ್ರುತನ ಕಣ್ಣಿನ ಶಸ್ತ್ರವಿದ್ಯೆ ಬೌದ್ಧ ಭಿಕ್ಷುಗಳ ಜೋಳಿಗೆಯಲ್ಲಿ ಮರಳುಗಾಡು ದಾಟಿ ಚೀನಾಕ್ಕೆ ಹೋಯಿತು, ಅಲ್ಲಿಯ ಮಹಾಕವಿಗಳು ಅದನ್ನು ಹಾಡಿ ಹೊಗಳಿದರು ಎಂಬುದು ನನ್ನ ಭಾಷಣದ ಶಿಖರ. ಸಭೆ ಚಪ್ಪಾಳೆ ತಟ್ಟಿತು. ನಾನೂ ಉಬ್ಬಿದೆ.

ಕಾಫಿಯ ಹೊತ್ತಿಗೆ ನಿವೃತ್ತ ಕಣ್ಣಿನ ಡಾಕ್ಟರೊಬ್ಬರು ಹತ್ತಿರ ಬಂದರು. “ಸ್ವಾಮಿ, ತಾವು ಹೇಳಿದ ಆ ಚಿನ್ನದ ಸೂಜಿ ಪೊರೆಯನ್ನು ತೆಗೆಯುವುದಿಲ್ಲ, ಮಂಜಾದ ಮಸೂರವನ್ನು ಕಣ್ಣಿನೊಳಕ್ಕೇ ತಳ್ಳುತ್ತದೆ. ಒಡನೆ ಬೆಳಕು ಕಾಣುತ್ತದೆ, ನಿಜ. ಆಮೇಲೆ ಎಷ್ಟೋ ಕಣ್ಣು ಪೂರ್ತಿ ಹೋಗುತ್ತವೆ. ಅದಿರಲಿ, ಆ ಕವಿಗೆ ವಾಸಿಯಾಯಿತೆ?” ಎಂದು ಕೇಳಿದರು.

ನಾನು ತೊದಲಿದೆ. ಏಕೆಂದರೆ ಆ ಕವಿತೆಯನ್ನು ನಾನು ಸರಿಯಾಗಿ ಓದಿಯೇ ಇರಲಿಲ್ಲ. ‘ನಾಗಾರ್ಜುನ’ ಎಂಬ ಹೆಸರು ಅದರಲ್ಲಿದೆ ಎಂದು ಎಲ್ಲೋ ನೋಡಿದ್ದೆ. ಆ ಹೆಸರನ್ನು ಕಿತ್ತುಕೊಂಡು ಬಂದು ಸಭೆಯಲ್ಲಿ ಮೆರೆಸಿದ್ದೆ. ಒಬ್ಬ ರೋಗಿಯ ನರಳಾಟವನ್ನು ನಮ್ಮ ದೇಶಕ್ಕೆ ಸಿಕ್ಕ ಪ್ರಶಸ್ತಿಪತ್ರವೆಂದು ಓದಿದ್ದೆ. ಆ ರಾತ್ರಿ ಮನೆಗೆ ಬಂದು ಪುಸ್ತಕ ತೆರೆದೆ. ಈ ಲೇಖನ ಆ ಓದಿನ ಫಲ. ಡಾಕ್ಟರಿಗೆ ತಡವಾಗಿ ಕೊಡುತ್ತಿರುವ ಉತ್ತರವೆಂದರೂ ಸರಿಯೆ.

ಕವಿ ಬಾಯ್ ಜ್ಯೂಯಿ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಪೋ ಚೂ-ಇ. ಕಾಲ 772ರಿಂದ 846. ದೊಡ್ಡ ಅಧಿಕಾರಿ, ಪ್ರಾಂತಗಳನ್ನು ಆಳಿದವನು, ಒಮ್ಮೆ ದೂರದ ಊರಿಗೆ ವರ್ಗವಾಗಿ ಅವಮಾನ ಉಂಡವನು. ಇವನಿಗೆ ಹದಿಹರೆಯದಿಂದಲೂ ಪುಸ್ತಕದ ಹುಚ್ಚು. 815ರಲ್ಲಿ ಗೆಳೆಯ ಯುವಾನ್ ಜೆನ್‌ನಿಗೆ ಬರೆದ ಪ್ರಸಿದ್ಧ ಪತ್ರದಲ್ಲಿ, ಓದಿ ಓದಿ ಬಾಯಲ್ಲಿ ಹುಣ್ಣಾದದ್ದು, ಬರೆದು ಕೈ ಜಡ್ಡುಗಟ್ಟಿದ್ದು, ಕಣ್ಣೊಳಗೆ ಸಾವಿರಾರು ನೊಣ ಹಾರಿದಂತಾಗುವುದು, ಎಲ್ಲವನ್ನೂ ಹೇಳಿಕೊಂಡಿದ್ದಾನೆ. ಮುಂದೆ ಆ ನೊಣಗಳು ಮಂಜಾಗಿ ಬೆಳೆದವು. ಕಣ್ಣುರೋಗವನ್ನು ಕುರಿತ ಅವನ ಎರಡು ಕವಿತೆಗಳಲ್ಲಿ ಒಂದು ಇಡೀ ಚಿಕಿತ್ಸೆಯ ಪಟ್ಟಿಯಂತಿದೆ. ವೈದ್ಯರು ಹೆಂಡ ಬಿಡು ಎನ್ನುತ್ತಾರೆ. ಸಾಧಕ ಮಿತ್ರರು ನೌಕರಿ ಬಿಡು ಎನ್ನುತ್ತಾರೆ. ಮೇಜಿನ ಮೇಲೆ ನಾಗಾರ್ಜುನನ ಹೆಸರು ಹೊತ್ತ ನೇತ್ರಗ್ರಂಥ ಬಿದ್ದಿದೆ, ಪೆಟ್ಟಿಗೆಯಲ್ಲಿ ಗುಳಿಗೆ ಇದೆ, ಯಾವುದರಿಂದಲೂ ಪ್ರಯೋಜನ ಕಾಣದು. ಇನ್ನುಳಿದದ್ದು ಚಿನ್ನದ ಸೂಜಿಯೊಂದೇ, ಅದನ್ನಾದರೂ ಪರೀಕ್ಷಿಸಬಹುದಿತ್ತಲ್ಲ ಎಂಬ ಹಂಬಲಕ್ಕೆ ಕವಿತೆ ನಿಂತುಬಿಡುತ್ತದೆ.

ನೋಡಿ, ಇದರಲ್ಲಿ ಹೊಗಳಿಕೆ ಎಲ್ಲಿದೆ? ನಾಗಾರ್ಜುನನ ಗ್ರಂಥ ಬರುವುದು ಕೆಲಸಕ್ಕೆ ಬಾರದ ವಸ್ತುಗಳ ಸಾಲಿನಲ್ಲಿ! ಚೀನೀಯರು ಆ ಹೆಸರನ್ನು ‘ಲೊಂಗ್‌ಶು’ ಎಂದು ಮಾಡಿಕೊಂಡರು: ‘ಲೊಂಗ್’ ಎಂದರೆ ನಾಗ, ‘ಶು’ ಎಂದರೆ ಮರ. ಅರ್ಜುನವೆಂದರೆ ನಮ್ಮ ಹೊಳೆಮತ್ತಿಯಲ್ಲವೆ? ಅನುವಾದ ಬಹಳ ಜಾಣತನದ್ದು. ಆದರೆ ಪುಸ್ತಕ ಮೇಜಿನ ಮೇಲೆ ವ್ಯರ್ಥವಾಗಿ ಬಿದ್ದಿತ್ತು ಎಂಬುದನ್ನು ನಾನು ಸಭೆಗೆ ಹೇಳಿರಲಿಲ್ಲ.

ಗುಳಿಗೆಯ ಮಾತು ಇನ್ನೂ ಸ್ವಾರಸ್ಯವಾಗಿದೆ. ಅದು ‘ಜುಯೆಮಿಂಗ್’ ಬೀಜದ ಗುಳಿಗೆ. ಕಣ್ಣನ್ನು ತಿಳಿಗೊಳಿಸುವುದು ಎಂದು ಹೆಸರೇ ಸಾರುತ್ತದೆ. ಯಾವುದೋ ಅಪೂರ್ವ ಮೂಲಿಕೆಯಿರಬೇಕೆಂದು ಹುಡುಕಿದರೆ, ನಮ್ಮ ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆ ಬಿದ್ದೊಡನೆ ರಸ್ತೆಯ ಪಕ್ಕ ಏಳುವ ತಗಚೆ, ಚಗಟೆ! ತುಳುವರ ತಜಂಕ್. ಆಟಿ ತಿಂಗಳಲ್ಲಿ ಅದರ ಚಿಗುರಿನ ಪಲ್ಯ ತಿನ್ನುವವರು ಈ ಪತ್ರಿಕೆಯ ಓದುಗರಲ್ಲಿಯೂ ಇದ್ದಾರು. ನಮ್ಮ ಆಯುರ್ವೇದಕ್ಕೆ ಇದು ಚಕ್ರಮರ್ದ, ಹುಳುಕಡ್ಡಿಗೆ ಹಚ್ಚುವ ಮದ್ದು. ಅವರಿಗೆ ಕಣ್ಣಿನ ಔಷಧ. ಗಿಡವೊಂದೇ, ನಾವು ಚರ್ಮಕ್ಕೆ ಹಚ್ಚಿದೆವು, ಅವರು ಕಣ್ಣಿಗೆಂದು ನುಂಗಿದರು.

ಸೂಜಿಯ ಕಥೆ ಮಾತ್ರ ನಾನು ಹೇಳಿದಷ್ಟರ ಮಟ್ಟಿಗೆ ಸುಳ್ಳಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಜವೆಗೋದಿಯ ಮೊನೆಯಂಥ ಶಲಾಕೆಯಿಂದ ಕಣ್ಣನ್ನು ಚುಚ್ಚಿ ದೃಷ್ಟಿ ಬಿಡಿಸುವ ವಿಧಾನ ವಿವರವಾಗಿ ಬರುತ್ತದೆ. 752ರಲ್ಲಿ ವಾಂಗ್ ತಾವ್ ಎಂಬ ಅಧಿಕಾರಿ ಸಂಗ್ರಹಿಸಿದ ನಲವತ್ತು ಸುರುಳಿಗಳ ವೈದ್ಯಗ್ರಂಥದಲ್ಲಿ ಭಾರತದಿಂದ ಬಂದದ್ದೆಂದು ಹೇಳಿಕೊಳ್ಳುವ ನೇತ್ರಶಾಸ್ತ್ರದ ಭಾಗವೊಂದಿದ್ದು, ಅದರಲ್ಲಿ ಚಿನ್ನದ ಸೂಜಿಯ ಪ್ರಸ್ತಾಪವಿದೆ. ಬಾಯ್‌ನ ಗೆಳೆಯ ಲ್ಯೂ ಯೂಷಿ (ಇವನೂ 772ರಲ್ಲೇ ಹುಟ್ಟಿದವನು) ಕಣ್ಣಿನ ವೈದ್ಯನಾದ ಒಬ್ಬ ‘ಬ್ರಾಹ್ಮಣ ಭಿಕ್ಷು’ವಿಗೇ ಒಂದು ಕವಿತೆ ಬರೆದು ಕೊಟ್ಟಿದ್ದಾನೆ. ಕೆಂಪು ಹಸಿರಾಗಿ ಕಾಣುತ್ತಿದೆ, ಬಿಸಿಲು ಗಾಳಿ ತಾಳಲಾರೆ, ನಿಮ್ಮಲ್ಲಿ ಸೂಜಿಯ ವಿದ್ಯೆ ಇದೆಯಂತೆ, ನನಗೇನಾದರೂ ಮಾಡಿ ಎಂದು ಕೇಳುವ ಕವಿತೆ. ಅದೂ ಬೇಡಿಕೆಯೇ, ಹೊಗಳಿಕೆಯಲ್ಲ.

ಇಲ್ಲಿ ವಿಮರ್ಶೆಯ ಒಂದು ಪ್ರಶ್ನೆ ಏಳುತ್ತದೆ. ರೋಗವನ್ನು ಕುರಿತ ಕವಿತೆಯನ್ನು ಹೇಗೆ ಓದಬೇಕು? ಚೀನೀ ಕಾವ್ಯದ ರಸಿಕರು ಸಾಮಾನ್ಯವಾಗಿ ದು ಫುವನ್ನು ಮೇಲಿಡುತ್ತಾರೆ. ಅವನಿಗೂ ರೋಗಗಳಿಗೆ ಬರವಿರಲಿಲ್ಲ: ನಡುಕದ ಜ್ವರ, ಶ್ವಾಸಕೋಶದ ಬಾಧೆ, ನೀರಡಿಕೆಯ ರೋಗ (ಈಗಿನವರು ಸಿಹಿಮೂತ್ರವೆಂದು ಊಹಿಸುತ್ತಾರೆ), ಕೊನೆಗೆ ಕಿವುಡು. ಗಿಡಮೂಲಿಕೆ ಮಾರಿ ಹೊಟ್ಟೆ ಹೊರೆದದ್ದೂ ಉಂಟು. ಆದರೆ ದು ಫು ಕೆಮ್ಮಿದರೆ ಸಾಮ್ರಾಜ್ಯವೇ ಕೆಮ್ಮಿದಂತೆ ಕೇಳುತ್ತದೆ. 755ರಲ್ಲಿ ಆನ್ ಲೂಷಾನ್ ದಂಗೆಯೆದ್ದು ನಾಡು ಹಾಳಾದ ಮೇಲೆ ಅವನ ದೇಹವೂ ದೇಶವೂ ಒಂದೇ ಹಾಸಿಗೆ ಹಿಡಿದವು. ವೈದ್ಯರಲ್ಲಿ ಎಲ್ಲರಿಗಿಂತ ಮೇಲಿನವನು ರಾಜ್ಯದ ರೋಗವನ್ನು ವಾಸಿಮಾಡುವವನು, ಬರಿಯ ಬೇನೆಗೆ ಮದ್ದು ಕೊಡುವವನು ಕಡೆಯವನು ಎಂಬ ಎಣಿಕೆ ಚೀನಾದಲ್ಲಿ ಬಹು ಹಳೆಯದು. ಆ ಎಣಿಕೆಯಲ್ಲಿ ಬೆಳೆದವರಿಗೆ ದು ಫು ಸಹಜವಾಗಿಯೇ ದೊಡ್ಡವನು. ಹಲ್ಲು ಬಿತ್ತು, ಕೂದಲು ಉದುರಿತು, ಕಣ್ಣು ಮಂಜಾಯಿತು ಎಂದು ಲೆಕ್ಕವಿಡುವ ಬಾಯ್ ಸಣ್ಣವನಾಗಿ ಕಾಣುತ್ತಾನೆ.

ದು ಫುವಿನ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರೋಗವನ್ನು ರೋಗವಾಗಿಯೇ ಬಿಡುವುದೂ ಒಂದು ಸಾಮರ್ಥ್ಯ. ಬಾಯ್‌ನ ಮಂಜು ಯಾವುದರ ಸಂಕೇತವೂ ಅಲ್ಲ, ಕಣ್ಣಿನ ಮಂಜು. ಅದನ್ನು ಸಂಕೇತ ಮಾಡಲು ಹೋದವನೂ, ಪ್ರಶಸ್ತಿಪತ್ರ ಮಾಡಲು ಹೋದ ನಾನೂ, ರೋಗಿಯನ್ನು ಮರೆತವರಲ್ಲಿ ಒಂದೇ ಜಾತಿ. 839ರ ಚಳಿಗಾಲದಲ್ಲಿ ಅವನಿಗೆ ಪಾರ್ಶ್ವವಾಯು ಬಡಿಯಿತು. ಹಾಸಿಗೆಯಲ್ಲಿದ್ದುಕೊಂಡೇ ಹದಿನೈದು ಕವಿತೆ ಬರೆದ. ಅವುಗಳ ಮುನ್ನುಡಿಯಲ್ಲೂ ಕಣ್ಣು ಕತ್ತಲಿಡುವ ಮಾತು ಬರುತ್ತದೆ. ಡಾಕ್ಟರಿಗೆ ನಾನು ಕೊಡಬಹುದಾಗಿದ್ದ ಉತ್ತರ ಇಷ್ಟೆ: ಇಲ್ಲ, ವಾಸಿಯಾಗಲಿಲ್ಲ.

ಇನ್ನು ನಾನು ಅಂದು ಪೂರ್ತಿಯಾಗಿ ಮುಚ್ಚಿಟ್ಟ ಸಂಗತಿ. ನಮ್ಮ ನಾಡಿನಿಂದ ಸೂಜಿಯೊಂದೇ ಅಲ್ಲ, ಅಮೃತದ ವ್ಯಾಪಾರವೂ ಹೋಯಿತು. ಹರ್ಷವರ್ಧನ (ನಮ್ಮ ಬಾದಾಮಿಯ ಪುಲಕೇಶಿ ನರ್ಮದೆಯಲ್ಲಿ ತಡೆದು ನಿಲ್ಲಿಸಿದ ಆ ಹರ್ಷನೇ) ತೀರಿಕೊಂಡ ಮೇಲೆ ಉತ್ತರ ಭಾರತದಲ್ಲಿ ಗೊಂದಲವಾಯಿತು. ಅಲ್ಲಿಗೆ ಬಂದಿದ್ದ ಚೀನೀ ರಾಯಭಾರಿ ವಾಂಗ್ ಶ್ವೆನ್‌ತ್ಸೆ ಟಿಬೆಟ್ ನೇಪಾಳಗಳ ದಂಡು ಕೂಡಿಸಿ ಗೆದ್ದು, 648ರಲ್ಲಿ ಸೆರೆಯಾಳುಗಳೊಡನೆ ರಾಜಧಾನಿ ಚಾಂಗಾನ್‌ಗೆ ಹಿಂದಿರುಗಿದ. ಜೊತೆಯಲ್ಲಿ ನಾರಾಯಣಸ್ವಾಮಿ ಎಂಬೊಬ್ಬ ಸಿದ್ಧನನ್ನೂ ಕರೆತಂದ. ತನಗೆ ಇನ್ನೂರು ವರ್ಷ ಎಂದು ಈ ಮಹಾಶಯ ಹೇಳಿಕೊಳ್ಳುತ್ತಿದ್ದ! ಚಕ್ರವರ್ತಿ ತೈಜೊಂಗ್ ಸಾಮಾನ್ಯನಲ್ಲ. ಪಟ್ಟಕ್ಕೆ ಬಂದ ಹೊಸದರಲ್ಲಿ, ಹಿಂದಿನ ಅರಸರು ಅಮರತ್ವಕ್ಕಾಗಿ ಅಲೆದದ್ದನ್ನು ಕಂಡು ನಕ್ಕವನು. ಈಗ ಮೈ ಸೋತಿತ್ತು. ಸಿದ್ಧನಿಗೆ ಬಿಡಾರ ಕೊಟ್ಟು, ದೇಶದ ಮೂಲೆಮೂಲೆಗಳಿಂದ ಸಾಮಗ್ರಿ ತರಿಸಿ ಮದ್ದು ಮಾಡಿಸಿದ. 649ರಲ್ಲಿ ಕಾಲವಾದ. ಸಿದ್ಧನನ್ನು ಕೊಲ್ಲಿಸಬೇಕೆಂದು ಕೆಲವರು ಅಂದುಕೊಂಡರೂ, ಹೊರದೇಶದವರು ಕೇಳಿ ನಕ್ಕಾರೆಂದು ಅಂಜಿ ಸುಮ್ಮನಾದರೆಂದು ಮುಂದಿನ ಮಂತ್ರಿಯೊಬ್ಬ ಹೇಳಿದ್ದಾನೆ. ತಂದೆಯ ಗತಿಯನ್ನು ನೆನಪಿಸಿ, ಮಗ ಗಾವ್‌ಜೊಂಗ್ ಇನ್ನೊಬ್ಬ ಭಾರತೀಯನ ಮದ್ದು ಕುಡಿಯದಂತೆ ತಡೆದವನೂ ಆ ಮಂತ್ರಿಯೇ.

ಎಲ್ಲ ತಪ್ಪನ್ನೂ ನಮ್ಮ ನಾರಾಯಣಸ್ವಾಮಿಯ ತಲೆಗೆ ಕಟ್ಟಬೇಕಾಗಿಲ್ಲ. ಪಾದರಸ, ಇಂಗಳೀಕ, ಸೀಸ, ಗಂಧಕಗಳನ್ನು ಒಲೆಯಲ್ಲಿ ಪಕ್ವಮಾಡಿ ನುಂಗುವ ವಿದ್ಯೆ ಚೀನಾದ ಸ್ವಂತದ್ದೂ ಹೌದು, ಹೆಚ್ಚು ಹಳೆಯದೂ ಹೌದು. ಬಾಯ್‌ನ ಕಾಲದಲ್ಲಿ ಅರಮನೆ ಅದರಿಂದ ಸ್ಮಶಾನವಾಯಿತು. ಶಿಯೆನ್‌ಜೊಂಗ್ ಗುಳಿಗೆ ನುಂಗಿ ನುಂಗಿ ಸಿಡುಕನಾಗಿ, 820ರಲ್ಲಿ ತನ್ನ ನಪುಂಸಕ ಸೇವಕರ ಕೈಯಲ್ಲೇ ಸತ್ತ. ಮಗ ಮುಜೊಂಗ್ ಆ ಗುಳಿಗೆಯವನನ್ನು ಕೊಲ್ಲಿಸಿದ, ತಾನೂ ಗುಳಿಗೆ ಹಿಡಿದ, 824ರಲ್ಲಿ ಹೋದ. 846ರಲ್ಲಿ ವೂಜೊಂಗ್, 859ರಲ್ಲಿ ಶ್ವೆನ್‌ಜೊಂಗ್.

ಅರಸರ ಚಟ ವಿದ್ವಾಂಸರಿಗೂ ಹತ್ತಿತ್ತು. ಗದ್ಯದ ಸಾರ್ವಭೌಮನೆನಿಸಿದ ಹಾನ್ ಯೂ 823ರಲ್ಲಿ ಒಬ್ಬನ ಸಮಾಧಿಲೇಖ ಬರೆಯುತ್ತ, ಗುಳಿಗೆಯಿಂದ ಸತ್ತ ಪರಿಚಿತರು ಆರೇಳು ಮಂದಿಯನ್ನು ಹೆಸರು ಹಿಡಿದು ಎಣಿಸಿ ಎಚ್ಚರಿಕೆ ಕೊಟ್ಟ. ಮರುವರ್ಷ ತಾನೇ ತೀರಿಕೊಂಡ. ಬಾಯ್ ತನ್ನ ಮುಪ್ಪಿನಲ್ಲಿ ಸತ್ತ ಗೆಳೆಯರನ್ನು ನೆನೆದು ಒಂದು ಕವಿತೆ ಬರೆದಿದ್ದಾನೆ. ನನ್ನ ದೃಷ್ಟಿಯಲ್ಲಿ ಅವನ ಅತ್ಯುತ್ತಮ ಕವಿತೆಗಳಲ್ಲಿ ಒಂದು. ಯಾರು ಏನು ನುಂಗಿದರು, ಹೇಗೆ ಹೋದರು ಎಂಬುದಷ್ಟೆ ಅದರ ವಸ್ತು. ಯುವಾನ್ ಜೆನ್ ಬರುತ್ತಾನೆ. ಗಂಧಕ ತಿಂದು ಏಳದೇ ಹೋದ ‘ತುಯಿಜಿ’ ಬರುತ್ತಾನೆ. ತುಯಿಜಿ ಎಂಬುದು ಹಾನ್ ಯೂವಿನ ಇನ್ನೊಂದು ಹೆಸರು! ಗುಳಿಗೆಯನ್ನು ಖಂಡಿಸಿದವನೇ ಗುಳಿಗೆ ತಿಂದನೆ? ಅಂಥ ಮಹಾತ್ಮನಿಗೆ ಈ ಕಳಂಕ ಬೇಡವೆಂದು, ಅದೇ ಹೆಸರಿನ ಇನ್ನೊಬ್ಬನನ್ನು ಹುಡುಕಿ ತಂದ ಪಂಡಿತರುಂಟು. ಅಲ್ಲ, ಇವನು ಹಾನ್ ಯೂವೇ ಎಂದು ಇಪ್ಪತ್ತನೆಯ ಶತಮಾನದ ಇತಿಹಾಸಕಾರ ಚೆನ್ ಯಿನ್‌ಕೆ ವಾದಿಸಿದ್ದಾರೆ. ನನ್ನ ಒಲವು ಚೆನ್ ಅವರ ಕಡೆಗೆ. ಅನ್ಯರಿಗೆ ಹೇಳಿದ ಬುದ್ಧಿ ತನ್ನ ಜೀವಭಯದ ಮುಂದೆ ನಿಲ್ಲದಿರುವುದು ಪಂಡಿತರಿಗೆ ನಂಬಲಾಗದಷ್ಟು ಅಪರೂಪದ ಸಂಗತಿಯೆ?

ಆದರೆ ಈ ಕವಿತೆಯ ಒಂದು ಮಾತು ನನಗೆ ಒಪ್ಪಿಗೆಯಿಲ್ಲ. ತಾನೊಬ್ಬನೇ ಏನನ್ನೂ ನುಂಗದೆ ಮುದುಕನಾದೆ ಎನ್ನುತ್ತಾನೆ ಬಾಯ್. ಪೂರ್ತಿ ಸತ್ಯವಲ್ಲ. ಲೂಷಾನ್ ಬೆಟ್ಟದ ಹುಲ್ಲುಮನೆಯಲ್ಲಿದ್ದಾಗ ಅವನೂ ಒಲೆ ಹೂಡಿ ರಸಪಾಕಕ್ಕೆ ಕುಳಿತಿದ್ದ; ಪಾಕ ಕೆಟ್ಟಿತೆಂದು ಬೇರೆಡೆ ತಾನೇ ಒಪ್ಪಿಕೊಂಡಿದ್ದಾನೆ. ಅಂದರೆ ಅವನನ್ನು ಉಳಿಸಿದ್ದು ವಿವೇಕಕ್ಕಿಂತ ಹೆಚ್ಚಾಗಿ ಅಡಿಗೆಯ ಅಜ್ಞಾನ. ಇದನ್ನು ತಿಳಿದು ಓದಿದರೆ ಕವಿತೆಯ ಶಾಂತಿಯ ಕೆಳಗೆ ಸ್ವಲ್ಪ ನಾಚಿಕೆಯೂ ಕಾಣುತ್ತದೆ, ಕವಿತೆ ಇನ್ನಷ್ಟು ಹತ್ತಿರವಾಗುತ್ತದೆ.

ಇಲ್ಲಿ ನಮ್ಮ ಗೋರಕ್ಷ ನೆನಪಾಗದಿರುವುದಿಲ್ಲ. ಶೂನ್ಯಸಂಪಾದನೆಯಲ್ಲಿ ವಜ್ರಕಾಯದ ಗೋರಕ್ಷನಿಗೆ ಕತ್ತಿ ತಗುಲಿದರೆ ಖಣಿಲೆನ್ನುತ್ತದೆ; ಅಲ್ಲಮನಿಗೆ ಬೀಸಿದ ಕತ್ತಿ ಬಯಲಲ್ಲಿ ಹಾದುಹೋಗುತ್ತದೆ. ತಾಂಗ್ ಅರಸರೆಲ್ಲ ಗೋರಕ್ಷನಾಗಲು ಹೊರಟವರು. ಬಾಯ್ ಅಲ್ಲಮನಂತೂ ಅಲ್ಲ. ಅವನಿಗೆ ಕತ್ತಿ ತಗುಲಿದರೆ ಗಾಯವಾಗುತ್ತದೆ. ಗಾಯದ ಮೇಲೆ ಎರಡು ಕವಿತೆ ಹುಟ್ಟುತ್ತವೆ.

ಎರಡು ಕಡಿಮೆಯಾದೀತು ಎನ್ನಬೇಕು. 845ರಲ್ಲಿ ಅವನೇ ಎಣಿಸಿಟ್ಟಂತೆ ಅವನ ರಚನೆಗಳು 3,840. ಹೇಳಿದ್ದನ್ನೇ ಹೇಳುತ್ತಾನೆ, ಬೇಸರ ಹಿಡಿಸುತ್ತಾನೆ; ಅದನ್ನು ಮುಚ್ಚಿಡುವುದು ಸಲ್ಲದು. ಇಂಗ್ಲಿಷಿನಲ್ಲಿ ಅವನು ಚೊಕ್ಕವಾಗಿ ಕಾಣುವುದಕ್ಕೆ ಆರ್ಥರ್ ವೇಲಿಯ ಆಯ್ಕೆಯೇ ಮುಖ್ಯ ಕಾರಣ. ಒಮ್ಮೆಯೂ ಚೀನಾಕ್ಕೆ ಹೋಗದ ಈ ಅನುವಾದಕ 1949ರಲ್ಲಿ ಕವಿಯ ಜೀವನಚರಿತ್ರೆಯನ್ನೇ ಬರೆದ. ಕನ್ನಡಕ್ಕೆ ತರುವವರು ಆ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳಲಿ. ಆದರೆ ಚೊಕ್ಕತನಕ್ಕೆ ಮರುಳಾಗದೆ ಮುದುಕನ ಗೊಣಗಾಟಕ್ಕೂ ಜಾಗ ಬಿಡಲಿ.

846ರ ವಸಂತದಲ್ಲಿ ಗುಳಿಗೆಯ ಚಕ್ರವರ್ತಿ ವೂಜೊಂಗ್ ಮೂವತ್ತೊಂದರ ಹರೆಯದಲ್ಲಿ ಸತ್ತ. ಅದೇ ವರ್ಷ ಕೆಲವು ತಿಂಗಳ ತರುವಾಯ ಲೊಯಾಂಗ್ ನಗರದಲ್ಲಿ ಬಾಯ್ ತೀರಿಕೊಂಡ, ಎಪ್ಪತ್ತು ದಾಟಿ, ಕಾಲು ಕುಂಟಿ, ಕಣ್ಣು ಮಂಜಾಗಿ.

ಆ ಡಾಕ್ಟರನ್ನು ಮತ್ತೊಮ್ಮೆ ಕಂಡಾಗ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. “ಹೆಂಡ ಬಿಡು, ನೌಕರಿ ಬಿಡು ಅಂದರಲ್ಲ, ಎರಡನ್ನೂ ಬಿಟ್ಟನೊ?” ಎಂದು ಕೇಳಿದರು. ನೌಕರಿಯನ್ನು 842ರಲ್ಲಿ ಬಿಟ್ಟ, ಅರ್ಧ ಸಂಬಳದ ಪಿಂಚಿಣಿಯ ಮೇಲೆ, ಎಂದೆ. ಹೆಂಡವನ್ನು ಬಿಡಲಿಲ್ಲ. ಪಾರ್ಶ್ವವಾಯು ಬಡಿಯುವ ಹಿಂದಿನ ವರ್ಷ ಬರೆದ ಆತ್ಮಚರಿತ್ರೆಯಲ್ಲಿ ತನಗೆ ತಾನೇ ಕುಡಿದು ಹಾಡುವ ಮಹಾಶಯನೆಂದು ಬಿರುದು ಕೊಟ್ಟುಕೊಂಡಿದ್ದಾನೆ. “ಎಲ್ಲ ರೋಗಿಗಳೂ ಹಾಗೇ” ಎಂದು ಡಾಕ್ಟರು ನಕ್ಕು ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು.