ಹಾದಿ, ಬೇಟೆ, ಆಲಿಕೆ: ಜಾಲತಾಣದ ಓದುಗನ ನಡೆಯನ್ನು ಅಳೆಯುವ ರೂಪಕಗಳು

1

ಓದುಗನು ಕೃತಿಯೊಳಗೆ ಹೇಗೆ ಸಂಚರಿಸುತ್ತಾನೆ ಎಂಬ ಪ್ರಶ್ನೆ ಹೊಸದಲ್ಲ. ಆ ಸಂಚಾರವನ್ನು ಹೆಜ್ಜೆಹೆಜ್ಜೆಗೂ ದಾಖಲಿಸಿ, ಎಣಿಸಿ, ಅದರಿಂದ ಓದುಗನ ಮನಸ್ಸನ್ನು ತಿಳಿಯಬಹುದೆಂಬ ನಂಬಿಕೆ ಮಾತ್ರ ಹೊಸದು. ಜಾಲತಾಣಗಳನ್ನೂ ಮೊಬೈಲ್ ಆ್ಯಪ್‌ಗಳನ್ನೂ ನಡೆಸುವವರು ಇಂದು ಈ ಎಣಿಕೆಯ ಮೇಲೆಯೇ ತಮ್ಮ ನಿರ್ಧಾರಗಳನ್ನು ಕಟ್ಟುತ್ತಾರೆ. ಇದು ತಂತ್ರಜ್ಞರ ವಿಷಯವಲ್ಲವೆ, ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ಈ ಎಣಿಕೆಗಳೆಲ್ಲ ಕೆಲವು ರೂಪಕಗಳನ್ನು ಆಧರಿಸಿ ನಿಂತಿವೆ. ರೂಪಕವನ್ನು ಪರೀಕ್ಷಿಸುವುದು ಕಾವ್ಯಮೀಮಾಂಸೆಯ ಕೆಲಸ ಎಂಬುದು ನಮ್ಮ ಉತ್ತರ.

ಈ ಲೇಖನಕ್ಕೆ ಒಂದು ಸಣ್ಣ ಪ್ರಸಂಗವೂ ಕಾರಣವಾಗಿದೆ. ಹಳಗನ್ನಡ ಕೃತಿಗಳನ್ನು ಜಾಲದಲ್ಲಿ ಒದಗಿಸುವ ಯೋಜನೆಯೊಂದರ ಸಭೆಯಲ್ಲಿ ನಾವು ಪಾಲ್ಗೊಂಡಿದ್ದೆವು. ಬಳಕೆಯ ವರದಿಯನ್ನು ಮುಂದಿಟ್ಟವರು, ಟಿಪ್ಪಣಿಗಳಿರುವ ಪುಟಗಳಿಗೆ ಬಂದವರು ಬೇರೆ ಪುಟವನ್ನು ನೋಡದೆ ಹೊರಟುಹೋಗುತ್ತಾರೆ, ಆದುದರಿಂದ ಆ ಪುಟಗಳನ್ನು ಕೈಬಿಡುವುದು ಲೇಸು ಎಂದರು. ಸಭೆ ತಲೆದೂಗಿತು. ನಮಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಅಂದು ಹೇಳಲಾಗದಿದ್ದುದನ್ನು ಇಲ್ಲಿ ಕ್ರಮವಾಗಿ ಹೇಳಲು ಯತ್ನಿಸಿದ್ದೇವೆ.

2

ಮೊದಲು ದಾಖಲೆಯ ಸ್ವರೂಪವನ್ನು ನೋಡೋಣ. ಓದುಗನು ಒಂದು ಪುಟವನ್ನು ತೆರೆದಾಗ, ಅದನ್ನು ಒದಗಿಸುವ ಸರ್ವರ್ ಯಾವ ವಿಳಾಸದಿಂದ, ಯಾವ ಕ್ಷಣದಲ್ಲಿ, ಯಾವ ಪುಟಕ್ಕೆ ಕೋರಿಕೆ ಬಂತೆಂಬುದನ್ನು ಒಂದು ಸಾಲಾಗಿ ಬರೆದಿಡುತ್ತದೆ. ಆದರೆ ಎರಡು ಸಾಲುಗಳು ಒಬ್ಬನವೇ ಎಂದು ಹೇಳಲು ಅದೊಂದೇ ಸಾಲದು. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ರೂಪಿಸಿದ ‘ಕುಕಿ’ ಎಂಬ ಗುರುತುಚೀಟಿ ಈ ಕೊರತೆಯನ್ನು ನೀಗಿತು. 2005ರಲ್ಲಿ ಗೂಗಲ್ ಅನಾಲಿಟಿಕ್ಸ್ ಬಂದಮೇಲೆ ಸಣ್ಣಪುಟ್ಟ ತಾಣಗಳಿಗೂ ಈ ವಿಶ್ಲೇಷಣೆ ಎಟುಕುವಂತಾಯಿತು. ಆ್ಯಪ್‌ಗಳಲ್ಲಿ ದಾಖಲೆ ಇನ್ನೂ ಸೂಕ್ಷ್ಮ: ಯಾವ ಪರದೆ, ಯಾವ ಗುಂಡಿ, ಎಷ್ಟು ದೂರ ಸರಿಸಿದರು ಎಂಬುದನ್ನೆಲ್ಲ ಬರೆದಿಡಬಹುದು.

ಈ ವರದಿಗಳಲ್ಲಿ ‘ಬೌನ್ಸ್ ರೇಟ್’ ಎಂಬ ಅಳತೆಗೆ ಹೆಚ್ಚಿನ ಮನ್ನಣೆಯಿದೆ. ಬಂದವನು ಚೆಂಡಿನಂತೆ ಪುಟಿದು ಹಿಂದಕ್ಕೆ ಹೋದನೆಂಬುದು ಇದರ ಭಾವ. 2023ರ ಜುಲೈ 1ರಂದು ನಿವೃತ್ತಿಗೊಂಡ ಗೂಗಲ್‌ನ ಹಿಂದಿನ ಪದ್ಧತಿಯಲ್ಲಿ, ಒಂದೇ ಪುಟವನ್ನು ನೋಡಿ ಬೇರೇನನ್ನೂ ಒತ್ತದೆ ಹೋದ ಭೇಟಿಯೆಲ್ಲ ‘ಬೌನ್ಸ್’ ಆಗುತ್ತಿತ್ತು. ಕಾಲವನ್ನು ಎರಡು ದಾಖಲೆಗಳ ನಡುವಣ ಅಂತರದಿಂದ ಲೆಕ್ಕಹಾಕುತ್ತಿದ್ದುದರಿಂದ, ಎರಡನೆಯ ದಾಖಲೆಯೇ ಇಲ್ಲದ ಇಂತಹ ಭೇಟಿಯ ಅವಧಿ ಸೊನ್ನೆ ಎಂದೇ ನಮೂದಾಗುತ್ತಿತ್ತು. ಒಂದು ಷಟ್ಪದಿಯನ್ನೂ ಅದರ ಟಿಪ್ಪಣಿಯನ್ನೂ ಮುಂದಿಟ್ಟುಕೊಂಡು ಇಪ್ಪತ್ತು ನಿಮಿಷ ಕುಳಿತು, ಅರ್ಥ ಹೊಳೆದು, ತೃಪ್ತಿಯಿಂದ ಕಿಟಕಿ ಮುಚ್ಚಿದ ಓದುಗನೂ, ತಪ್ಪಿ ಬಂದು ಕ್ಷಣದಲ್ಲಿ ಹೊರಟವನೂ ಆ ಲೆಕ್ಕದಲ್ಲಿ ಸಮಾನರು! ಅನಂತರದ ಪದ್ಧತಿಯಲ್ಲಿ ಈ ದೋಷವನ್ನು ತಕ್ಕಮಟ್ಟಿಗೆ ತಿದ್ದಿದ್ದಾರೆ. ಹತ್ತು ಸೆಕೆಂಡು ಮೀರಿ ನಿಂತ ಭೇಟಿಯನ್ನು ಅದು ‘ತೊಡಗಿದ’ ಭೇಟಿಯೆಂದು ಎಣಿಸುತ್ತದೆ. ಆದರೂ ಹತ್ತು ಸೆಕೆಂಡಿನ ತೊಡಗುವಿಕೆಯನ್ನು ಓದು ಎನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ.

3

ಅಳತೆಯ ಹಿಂದಿರುವ ರೂಪಕಗಳಲ್ಲಿ ಮೊದಲನೆಯದು ‘ಹಾದಿ’. 1945ರ ಜುಲೈ ತಿಂಗಳ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಅಮೆರಿಕದ ವಿಜ್ಞಾನಿ ವಾನೆವರ್ ಬುಷ್ ‘ಮೆಮೆಕ್ಸ್’ ಎಂಬ ಕಲ್ಪಿತ ಯಂತ್ರವೊಂದನ್ನು ವರ್ಣಿಸಿದನು. ಓದುಗನು ತನ್ನ ಮೇಜಿನಲ್ಲಿಯೇ ಗ್ರಂಥಭಂಡಾರವನ್ನು ಇರಿಸಿಕೊಂಡು, ಒಂದು ಬರಹಕ್ಕೆ ಇನ್ನೊಂದನ್ನು ಕೊಂಡಿಹಾಕುತ್ತ ಹಾದಿಯನ್ನು ಕಡಿಯುತ್ತಾನೆ. ತುರ್ಕರ ಗಿಡ್ಡ ಬಿಲ್ಲು ಇಂಗ್ಲಿಷರ ಉದ್ದ ಬಿಲ್ಲಿಗಿಂತ ಮೇಲೆನಿಸಿದ್ದೇಕೆಂದು ಶೋಧಿಸಿದವನೊಬ್ಬ ತನ್ನ ಹಾದಿಯನ್ನೇ ಗೆಳೆಯನಿಗೆ ಕೊಡುವನೆಂಬುದು ಬುಷ್ ನೀಡಿದ ಉದಾಹರಣೆ. ಯಂತ್ರವು ಎಂದೂ ನಿರ್ಮಾಣವಾಗಲಿಲ್ಲ. ಆದರೆ ಇಂದಿನ ಜಾಲದ ಕೊಂಡಿಗಳ ಕಲ್ಪನೆಗೆ ಅದು ಪೂರ್ವಸೂಚಿ.

ಕನ್ನಡ ಓದುಗರಿಗೆ ಈ ಕಲ್ಪನೆ ಅಪರಿಚಿತವೆನಿಸಬೇಕಾಗಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ ಶೂನ್ಯಸಂಪಾದನೆಯು ಇಂತಹದೇ ಹಾದಿಯಲ್ಲವೆ? ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ ಮೊದಲಾದವರ ಬಿಡಿವಚನಗಳನ್ನು ಅವನು ಒಂದಕ್ಕೊಂದು ಉತ್ತರವಾಗುವಂತೆ ಜೋಡಿಸಿ ಸಂವಾದವನ್ನಾಗಿಸಿದನು. ಅವನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಅದೇ ವಚನಕಾಂತಾರದಲ್ಲಿ ತಂತಮ್ಮ ಹಾದಿಗಳನ್ನು ಕಡಿದರು. ಸಂಕಲನಕಾರನು ಇಲ್ಲಿ ಮೊದಲು ಓದುಗ. ಅವನ ಓದಿನ ನಡೆಯೇ ಕೃತಿಯಾಗಿ ನಮಗೆ ದಕ್ಕಿದೆ.

ಇಂದಿನ ಜಾಲದಲ್ಲಿಯೂ ಹಾದಿಯಿದೆ. ಆದರೆ ಅದರ ಒಡೆತನ ತಲೆಕೆಳಗಾಗಿದೆ. ಬುಷ್‌ನ ಹಾದಿ ಓದುಗನ ಕೈಯಲ್ಲಿತ್ತು, ಗೆಳೆಯನಿಗೆ ಕೊಡುವ ಕಾಣಿಕೆಯಾಗಿತ್ತು. ಈಗಿನ ಹಾದಿ ತಾಣದ ಒಡೆಯನ ಉಗ್ರಾಣದಲ್ಲಿದೆ. ನಡೆದವನಿಗೆ ಅದು ಕಾಣುವುದೇ ಅಪರೂಪ.

4

ಎರಡನೆಯ ರೂಪಕ ‘ಬೇಟೆ’. ಜೆರಾಕ್ಸ್ ಸಂಸ್ಥೆಯ ಸಂಶೋಧಕರಾದ ಪೀಟರ್ ಪಿರೋಲಿ ಮತ್ತು ಸ್ಟೂಅರ್ಟ್ ಕಾರ್ಡ್ 1999ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಮಾಹಿತಿಯನ್ನು ಅರಸುವ ಮನುಷ್ಯನು ಆಹಾರವನ್ನು ಅರಸುವ ಪ್ರಾಣಿಯನ್ನು ಹೋಲುತ್ತಾನೆ. ಕೊಂಡಿಯ ಮೇಲಿನ ಮಾತು ಅವನಿಗೆ ‘ವಾಸನೆ’ ಕೊಡುತ್ತದೆ. ವಾಸನೆ ಬಲವಾಗಿದ್ದರೆ ಮುಂದುವರಿಯುತ್ತಾನೆ, ಕ್ಷೀಣಿಸಿದರೆ ಆ ತಾವನ್ನು ಬಿಟ್ಟು ಬೇರೆಡೆಗೆ ಹೋಗುತ್ತಾನೆ. ಈ ರೂಪಕವು ಬೆಳಕು ಕೊಟ್ಟಿದೆ ಎಂಬುದನ್ನು ಒಪ್ಪಬೇಕು. ‘ಇಲ್ಲಿ ಒತ್ತಿ’ ಎಂಬ ಕೊಂಡಿಗಿಂತ ‘ಪಂಪಭಾರತದ ಪಾಠಾಂತರಗಳು’ ಎಂಬ ಕೊಂಡಿ ಏಕೆ ಮೇಲು ಎಂಬುದನ್ನು ಇದು ಸಕಾರಣವಾಗಿ ವಿವರಿಸುತ್ತದೆ.

ಬೇಟೆಗಾರನ ಕಣ್ಣನ್ನು ಅಳೆದವರೂ ಇದ್ದಾರೆ. 2006ರಲ್ಲಿ ಜೇಕಬ್ ನೀಲ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ 232 ಜನರ ಕಣ್ಣಿನ ಚಲನೆಯನ್ನು ಸಾವಿರಾರು ಪುಟಗಳ ಮೇಲೆ ದಾಖಲಿಸಲಾಗಿತ್ತು. ಕಣ್ಣು ಮೇಲಿನ ಸಾಲುಗಳಲ್ಲಿ ಅಡ್ಡಲಾಗಿ ಓಡಿ, ಸ್ವಲ್ಪ ಕೆಳಗೆ ಇನ್ನೊಮ್ಮೆ ಗಿಡ್ಡವಾಗಿ ಓಡಿ, ಆಮೇಲೆ ಎಡ ಅಂಚಿನಲ್ಲಿಯೇ ಇಳಿಯುತ್ತದೆ. ಇದರ ಚಿತ್ರ ಇಂಗ್ಲಿಷಿನ ‘ಎಫ್’ ಅಕ್ಷರದಂತಿತ್ತು. ಅನೇಕರು ಇದನ್ನು ನಿಯಮವೆಂದು ಭಾವಿಸಿ, ಮುಖ್ಯವಾದುದನ್ನೆಲ್ಲ ಆ ಅಕ್ಷರದ ಗೆರೆಗಳ ಮೇಲೆ ಜೋಡಿಸತೊಡಗಿದರು. 2017ರಲ್ಲಿ ಅದೇ ಸಂಸ್ಥೆ ಸ್ಪಷ್ಟನೆ ನೀಡಬೇಕಾಯಿತು: ಪುಟವು ಉಪಶೀರ್ಷಿಕೆಗಳಿಲ್ಲದ ಅಕ್ಷರರಾಶಿಯಾಗಿದ್ದಾಗ, ಓದುಗನಿಗೆ ಆತುರವಿದ್ದಾಗ ಇಂತಹ ನೋಟ ಹುಟ್ಟುತ್ತದೆ; ಅದು ಓದುಗನಿಗೆ ಒಳಿತಲ್ಲ, ಒಳ್ಳೆಯ ವಿನ್ಯಾಸದಿಂದ ಅದನ್ನು ತಪ್ಪಿಸಬಹುದು. ರೋಗಲಕ್ಷಣವನ್ನು ದೇಹಧರ್ಮವೆಂದು ತಿಳಿದ ಪ್ರಮಾದವಿದು. ಇದ್ದುದನ್ನು ಅಳೆದವರು ಇರಬೇಕಾದುದನ್ನು ಅಳೆದೆವೆಂದುಕೊಂಡರು.

ಬೇಟೆಯ ರೂಪಕಕ್ಕೆ ಇನ್ನೊಂದು ಮಿತಿಯಿದೆ. ಬೇಟೆಗಾರನಿಗೆ ತನಗೆ ಬೇಕಾದುದು ಏನೆಂದು ಮೊದಲೇ ಗೊತ್ತು. ಕಾವ್ಯದ ಓದುಗನಿಗೆ ಅದು ಹಲವು ಸಲ ಓದಿದ ಮೇಲೆಯೇ ತಿಳಿಯುವುದು. ರೈಲಿನ ವೇಳೆಯನ್ನು ಹುಡುಕುವವನ ನಡೆಗೆ ಒಪ್ಪುವ ಈ ಅಳತೆ ಸಹೃದಯನ ನಡೆಗೆ ಒಪ್ಪುವುದಿಲ್ಲ.

5

ಮೂರನೆಯದು ‘ಆಲಿಕೆ’. ವ್ಯಾಪಾರದ ತಾಣಗಳು ಬಳಕೆದಾರರನ್ನು ಆಲಿಕೆಗೆ ಸುರಿದ ದ್ರವವೆಂದು ಭಾವಿಸುತ್ತವೆ. ಮೇಲೆ ಸಾವಿರ ಜನ ಬಂದರೆ ಸರಕು ನೋಡಿದವರೆಷ್ಟು, ಬುಟ್ಟಿಗೆ ಹಾಕಿದವರೆಷ್ಟು, ಹಣ ಕಟ್ಟಿದವರೆಷ್ಟು ಎಂದು ಹಂತಹಂತವಾಗಿ ಎಣಿಸಿ, ಸೋರಿಕೆಯ ಜಾಗವನ್ನು ಪತ್ತೆಹಚ್ಚುತ್ತವೆ. ಒಂದೇ ಪುಟದ ಎರಡು ರೂಪಗಳನ್ನು ಬೇರೆಬೇರೆ ಜನರಿಗೆ ತೋರಿಸಿ, ಹೆಚ್ಚು ಜನರನ್ನು ಕೆಳಗಿಳಿಸಿದ ರೂಪವನ್ನು ಉಳಿಸಿಕೊಳ್ಳುವ ಪ್ರಯೋಗವೂ ನಡೆಯುತ್ತದೆ. ಹಾದಿಯಲ್ಲಿ ಓದುಗನು ಕರ್ತೃ, ಬೇಟೆಯಲ್ಲಿ ಪ್ರಾಣಿ. ಆಲಿಕೆಯಲ್ಲಾದರೋ ಅವನು ಬರಿಯ ದ್ರವ. ದ್ರವಕ್ಕೆ ಇಚ್ಛೆಯಿಲ್ಲ; ಅದಕ್ಕೆ ಇಳಿಜಾರು ಸಾಕು.

ಈ ಇಳಿಜಾರನ್ನು ಮೋಸದಿಂದ ಕಟ್ಟುವ ಬಗೆಗಳಿಗೆ 2010ರಲ್ಲಿ ಹ್ಯಾರಿ ಬ್ರಿಗ್ನಲ್ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರಿಟ್ಟನು. ಸುಳ್ಳು ಆತುರವನ್ನು ಹುಟ್ಟಿಸುವುದು, ಗೊತ್ತಾಗದಂತೆ ಬುಟ್ಟಿಗೆ ಸರಕು ಸೇರಿಸುವುದು, ಬೇಡವೆಂದವನನ್ನು ನಾಚಿಸುವುದು ಇಂತಹ 13 ಬಗೆಗಳನ್ನು ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಮಾರ್ಗಸೂಚಿಯ ಮೂಲಕ ನಿಷೇಧಿಸಿದೆ. ಓದುಗರ ನಡೆಯನ್ನು ಬಲ್ಲ ಶಾಸ್ತ್ರವೇ ಅವರನ್ನು ದಾರಿ ತಪ್ಪಿಸುವ ಶಾಸ್ತ್ರವೂ ಆಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

6

ಹಾಗಾದರೆ ಓದುಗನ ಗುರುತನ್ನು ಅಳೆಯುವುದೇ ತಪ್ಪೆ? ಹಾಗೆಂದು ನಾವು ಹೇಳುವುದಿಲ್ಲ. ಹಸ್ತಪ್ರತಿಶಾಸ್ತ್ರವು ಈ ಕೆಲಸವನ್ನು ಬಲ್ಲುದು. ಕಲೆಯ ಇತಿಹಾಸಕಾರ್ತಿ ಕ್ಯಾಥರಿನ್ ರೂಡಿ 2010ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಯುರೋಪಿನ ಮಧ್ಯಕಾಲೀನ ಪ್ರಾರ್ಥನಾಗ್ರಂಥಗಳ ಪುಟಗಳಿಗೆ ಹತ್ತಿದ ಕೊಳೆಯನ್ನು ಡೆನ್ಸಿಟೋಮೀಟರ್ ಎಂಬ ಉಪಕರಣದಿಂದ ಅಳೆದರು. ಬೆರಳು ಹೆಚ್ಚು ಸೋಕಿದ ಪುಟ ಹೆಚ್ಚು ಕಪ್ಪು. ಅದರಿಂದ ಯಾವ ಪ್ರಾರ್ಥನೆಗೆ ಜನರು ಮತ್ತೆ ಮತ್ತೆ ಮರಳಿದರು, ಯಾವುದನ್ನು ತೆರೆಯಲೇ ಇಲ್ಲ ಎಂಬುದನ್ನು ತಿಳಿಯಲು ಸಾಧ್ಯವಾಯಿತು. ಇಂದಿನ ‘ಹೀಟ್ ಮ್ಯಾಪ್’ ಎಂಬ ಬಣ್ಣದ ಚಿತ್ರಕ್ಕೂ ಈ ಕೊಳೆಯ ನಕ್ಷೆಗೂ ತತ್ತ್ವದಲ್ಲಿ ಭೇದವಿಲ್ಲ.

ಭೇದವಿರುವುದು ಬಳಕೆಯಲ್ಲಿ. ಆ ಓದುಗನು ತೀರಿಕೊಂಡು ಶತಮಾನಗಳಾಗಿವೆ; ಅವನ ಬೆರಳ ಗುರುತು ಅವನ ವಿರುದ್ಧ ಬಳಕೆಯಾಗುವಂತಿಲ್ಲ. ಪುಟವೂ ಅವನ ಬೆರಳನ್ನು ನೋಡಿ ತನ್ನನ್ನು ಬದಲಿಸಿಕೊಳ್ಳಲಿಲ್ಲ. ಜಾಲದ ಪುಟವಾದರೋ ಓದುಗನು ಇನ್ನೂ ಓದುತ್ತಿರುವಾಗಲೇ ಅವನನ್ನು ಓದುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದನ್ನು ಇಲ್ಲಿ ನೆನೆಯಬಹುದು. ಏಕಾಂತದ ಓದೂ ಆ ಹಕ್ಕಿನ ಪರಿಧಿಯಲ್ಲಿಯೇ ಇದೆಯೆಂದು ನಾವು ತಿಳಿದಿದ್ದೇವೆ.

7

ಕೊನೆಯದಾಗಿ, ಸಭೆಯಲ್ಲಿ ಎದ್ದ ಪ್ರಶ್ನೆಗೆ ಮರಳೋಣ. ಟಿಪ್ಪಣಿಯ ಪುಟದಿಂದ ಓದುಗನು ಮುಂದೆ ಹೋಗದಿದ್ದುದು ಸೋಲಿನ ಗುರುತಾಗಿರಬೇಕಿಲ್ಲ. ಅರಸಿದ ಅರ್ಥ ಅಲ್ಲಿಯೇ ಸಿಕ್ಕಿತೆಂಬುದಕ್ಕೆ ಗುರುತೂ ಆಗಿರಬಹುದು. ಎರಡರಲ್ಲಿ ಯಾವುದೆಂದು ಕ್ಲಿಕ್ಕಿನ ಎಣಿಕೆ ಹೇಳಲಾರದು. ನಿಘಂಟಿನಿಂದ ಬೇಗ ಎದ್ದುಹೋದವನನ್ನು ನೋಡಿ ನಿಘಂಟನ್ನು ಯಾರೂ ಎಸೆಯುವುದಿಲ್ಲ.

ಅದೇ ದಾಖಲೆಯಲ್ಲಿ ನಮಗೆ ನಿಜವಾಗಿ ಉಪಯುಕ್ತವೆನಿಸುವ ಭಾಗವೊಂದಿದೆ: ಓದುಗರು ಹುಡುಕಿ ವಿಫಲರಾದ ಪದಗಳ ಪಟ್ಟಿ. ಹಳಗನ್ನಡದ ‘ೞ’ ಮತ್ತು ‘ಱ’ ಅಕ್ಷರಗಳು ಈಗಿನ ಬರಹದಲ್ಲಿಲ್ಲ. ‘ಬಾಳ್ವೆ’ ಎಂದು ಹುಡುಕಿದವನಿಗೆ ಗ್ರಂಥದಲ್ಲಿ ‘ಬಾೞ್ವೆ’ ಎಂದಿರುವ ಪದ ಸಿಕ್ಕುವುದಿಲ್ಲ, ಏಕೆಂದರೆ ಯಂತ್ರಕ್ಕೆ ಅವು ಬೇರೆಬೇರೆ ಅಕ್ಷರಗಳು. ಅವನು ಬರಿಗೈಯಲ್ಲಿ ಹಿಂದಿರುಗುತ್ತಾನೆ. ವರದಿಯಲ್ಲಿ ಅವನೂ ‘ಬೌನ್ಸ್’. ವಿಫಲವಾದ ಹುಡುಕಾಟವನ್ನು ಹೆಸರು, ವಿಳಾಸಗಳಿಲ್ಲದೆ ಬರೆದಿಟ್ಟು, ಎರಡು ಅಕ್ಷರಗಳನ್ನೂ ಹುಡುಕಾಟದಲ್ಲಿ ಒಂದಾಗಿಸಿದರೆ ಅವನ ಅಡ್ಡಿ ನಿವಾರಣೆಯಾಗುತ್ತದೆ. ದೆಹಲಿಯಲ್ಲೋ ಪುಣೆಯಲ್ಲೋ ಕನ್ನಡದ ಗ್ರಂಥಾಲಯ ಹತ್ತಿರವಿಲ್ಲದ ವಿದ್ಯಾರ್ಥಿಗೆ ಇದು ಸಣ್ಣ ಉಪಕಾರವಲ್ಲ. ಅಂತಹವನಿಗೆ ಜಾಲದ ಪ್ರತಿಯೇ ಎಷ್ಟೋ ಸಲ ಏಕೈಕ ಪ್ರತಿ.

ಕ್ಲಿಕ್ಕು ಓದುಗನ ನಡೆ. ಹುಡುಕಿದ ಪದ ಅವನ ಪ್ರಶ್ನೆ. ನಡೆಯನ್ನು ನಾವು ಊಹೆಯಿಂದ ಅರ್ಥೈಸಬೇಕು, ಪ್ರಶ್ನೆಯನ್ನು ಅವನೇ ತನ್ನ ಮಾತಿನಲ್ಲಿ ಇಟ್ಟಿರುತ್ತಾನೆ. ಕನ್ನಡ ಕೃತಿಗಳ ಜಾಲಪ್ರಕಟಣೆಯ ಹೊಣೆ ಹೊತ್ತವರು ನಡೆಯನ್ನು ಎಣಿಸುವ ಮೊದಲು ಪ್ರಶ್ನೆಗೆ ಉತ್ತರ ಕೊಡಲಿ. ಟಿಪ್ಪಣಿಯ ಪುಟಗಳ ವಿಚಾರದಲ್ಲಿ ಅಂತಿಮ ತೀರ್ಮಾನ ಇನ್ನೂ ಆಗಿಲ್ಲವೆಂದು ತಿಳಿದಿದ್ದೇವೆ. ಅವುಗಳನ್ನು ಉಳಿಸಬೇಕೆಂಬುದೇ ನಮ್ಮ ವಾದದ ಫಲಿತಾರ್ಥ.