ಗದಗ ಪರಿಸರ ಮತ್ತು ಎಳೆಯ ಗಾಯಕನ ರೂಪುಗೊಳ್ಳುವಿಕೆ: ಭೀಮಸೇನ ಜೋಶಿಯವರ ಬಾಲ್ಯಕಥನದ ಮರುಪರಿಶೀಲನೆ

ಸಂಗೀತಗಾರರ ಜೀವನವನ್ನು ಕುರಿತ ಕನ್ನಡ ಬರವಣಿಗೆಯಲ್ಲಿ ಬಾಲ್ಯವು ಸಾಮಾನ್ಯವಾಗಿ ಪೀಠಿಕೆಯ ಸ್ಥಾನವನ್ನು ಮಾತ್ರ ಪಡೆಯುತ್ತದೆ. ಜನನ, ಮನೆತನ, ಸಂಗೀತದ ಹುಚ್ಚು, ಗುರುವಿನ ಹುಡುಕಾಟ ಎಂಬ ಕ್ರಮದಲ್ಲಿ ಕೆಲವು ರೋಚಕ ಪ್ರಸಂಗಗಳನ್ನು ಹೇಳಿ ಲೇಖಕರು ಬೇಗನೆ ಕಛೇರಿ, ಪ್ರಶಸ್ತಿಗಳತ್ತ ಸಾಗುತ್ತಾರೆ. ಪಂ. ಭೀಮಸೇನ ಜೋಶಿಯವರ (1922-2011) ವಿಷಯದಲ್ಲಿ ಈ ಪ್ರವೃತ್ತಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋದ ಹುಡುಗನ ಕಥೆ ಎಷ್ಟು ಜನಪ್ರಿಯವಾಗಿದೆಯೆಂದರೆ, ಆತ ಬಿಟ್ಟುಹೋದ ಪರಿಸರ ಎಂಥದು ಎಂಬ ಪ್ರಶ್ನೆಯೇ ಹಿಂದೆ ಸರಿದಿದೆ. ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಬಾಲ್ಯಕಥನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಭೀಮಸೇನರು 1922ರ ಫೆಬ್ರವರಿ 4ರಂದು ರೋಣದಲ್ಲಿ ಜನಿಸಿದರು. ತಂದೆ ಗುರುರಾಜ ಜೋಶಿಯವರು ಶಾಲಾಶಿಕ್ಷಕರು, ಮನೆ ಗದಗಿನಲ್ಲಿ. ಬ್ಯಾಂಡಿನವರ ಮೆರವಣಿಗೆಯ ಬೆನ್ನುಹತ್ತಿ ಹೋಗಿ ಎಲ್ಲೋ ದಣಿದು ಮಲಗಿಬಿಡುತ್ತಿದ್ದ ಮಗನ ಅಂಗಿಯ ಮೇಲೆ ತಂದೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರೆಂಬುದು ಬಹುಶ್ರುತ ಪ್ರಸಂಗ. ಇದನ್ನು ವಿನೋದಕ್ಕಾಗಿ ಉಲ್ಲೇಖಿಸುವುದೇ ರೂಢಿ. ಆದರೆ ಇದರಲ್ಲಿ ಎರಡು ಸಂಗತಿಗಳು ಅಡಗಿವೆ. ಮೊದಲನೆಯದು, ಆ ಹುಡುಗನ ಪ್ರಥಮ ಸಂಗೀತಶಾಲೆ ಬೀದಿಯೇ ಆಗಿತ್ತು. ಎರಡನೆಯದು, ಶಾಲಾಮಾಸ್ತರರ ಹೆಸರೇ ವಿಳಾಸವಾಗಬಲ್ಲಷ್ಟು ಪರಿಚಯದ ಊರು ಅದಾಗಿತ್ತು. ದಾರಿ ತಪ್ಪಿದ ಮಗುವನ್ನು ಮನೆಗೆ ಮುಟ್ಟಿಸುವ ಸಮಾಜವೊಂದು ಬೆನ್ನಿಗಿದ್ದ ಕಾರಣದಿಂದಲೇ ಆ ಅಲೆದಾಟ ಸಾಧ್ಯವಾಯಿತು.

ಗದಗ-ಬೆಟಗೇರಿ ಆ ಕಾಲಕ್ಕೆ ಕೇವಲ ಹತ್ತಿಯ ಮತ್ತು ನೇಕಾರಿಕೆಯ ಪಟ್ಟಣವಾಗಿರಲಿಲ್ಲ. ವೀರನಾರಾಯಣನ ಸನ್ನಿಧಿಯೊಡನೆ ಕುಮಾರವ್ಯಾಸನ ಹೆಸರು ಬೆಸೆದಿದ್ದ ಈ ಊರಿನಲ್ಲಿ ಕಾವ್ಯವೆಂದರೆ ಹಾಡಿ ಓದುವ ವಸ್ತುವಾಗಿತ್ತು. 1870ರ ದಶಕದಲ್ಲಿ ಶಾಂತಕವಿಗಳು ಇಲ್ಲಿಯೇ ನಾಟಕ ಮಂಡಳಿಯನ್ನು ಕಟ್ಟಿದ್ದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಗೂ ಗದಗೇ ನೆಲೆ; ಶಿರಹಟ್ಟಿ ವೆಂಕೋಬರಾಯರ ಮಂಡಳಿಯೂ ಇದೇ ಸೀಮೆಯದು. ವೃತ್ತಿನಾಟಕದಲ್ಲಿ ರಂಗಗೀತೆಗೆ ಪ್ರಧಾನ ಸ್ಥಾನವಿದ್ದುದರಿಂದ, ರಾಗವೆಂಬುದು ಟಿಕೇಟು ಕೊಂಡ ಸಾಮಾನ್ಯ ಪ್ರೇಕ್ಷಕನ ಕಿವಿಯನ್ನೂ ಮುಟ್ಟಿತ್ತು. ಮಾಧ್ವ ಮನೆತನಗಳಲ್ಲಿ ದಾಸರ ಪದಗಳು ನಿತ್ಯದ ನುಡಿಯಾಗಿದ್ದವು. ಮುಂದೆ 'ದಾಸವಾಣಿ'ಯ ಮೂಲಕ ಭೀಮಸೇನರು ಕನ್ನಡಿಗರ ಮನೆಮನೆಗಳನ್ನು ಪ್ರವೇಶಿಸಿದಾಗ, ಅವರು ಹೊಸದೊಂದು ಪ್ರಕಾರಕ್ಕೆ ಕೈಹಾಕಿದ್ದಲ್ಲ. ಬಾಲ್ಯದ ಶ್ರವಣಕ್ಕೆ ಪ್ರೌಢ ಕಂಠವನ್ನು ಒದಗಿಸಿದರು ಎಂದು ತಿಳಿಯುವುದು ಹೆಚ್ಚು ಸಮಂಜಸ.

ಈ ಸೀಮೆಯ ರಾಜಕೀಯ ಭೂಗೋಳವೂ ಗಮನಾರ್ಹ. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ, ಕುಂದಗೋಳ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಮಿರಜವು ಅಬ್ದುಲ್ ಕರೀಮ್ ಖಾನರು ನೆಲೆಸಿದ ಊರು, ತಂಬೂರಿ ತಯಾರಿಕೆಗೆ ಹೆಸರಾದ ಊರು. ಸಾಂಗ್ಲಿಯು ಮರಾಠಿ ರಂಗಭೂಮಿಯ ತವರು. ಕಂದಾಯದ ಕಾಗದಪತ್ರಗಳು ಓಡಾಡಿದ ದಾರಿಯಲ್ಲಿಯೇ ಗಾಯಕರೂ ನಟರೂ ಓಡಾಡಿದರು. ಗದಗು ಜಂಕ್ಷನ್ನಿನಿಂದ ವಿಜಾಪುರದ ಕಡೆಗೆ ಹೋಗುವ ರೈಲು 1880ರ ದಶಕದಲ್ಲಿಯೇ ಆರಂಭವಾಗಿತ್ತು. ಆದ್ದರಿಂದ ಉತ್ತರ ಕರ್ನಾಟಕದಲ್ಲಿ ಹಿಂದುಸ್ತಾನಿ ಸಂಗೀತ ಬೇರೂರಿದ್ದಕ್ಕೆ 'ಮಣ್ಣಿನ ಗುಣ'ವೇ ಕಾರಣವೆಂಬ ಅಭಿಮಾನದ ಮಾತು ವಿಮರ್ಶೆಯ ಮುಂದೆ ನಿಲ್ಲಲಾರದು. ಕಿರಾಣಾ ಘರಾಣೆಯ ಹೆಸರೇ ಉತ್ತರ ಪ್ರದೇಶದ ಕೈರಾನಾದಿಂದ ಬಂದದ್ದು. ಆ ಗಾಯನ ಇಲ್ಲಿಗೆ ಬಂದದ್ದು ಆಸ್ಥಾನ, ರಂಗಭೂಮಿ, ರೈಲು, ಧ್ವನಿಮುದ್ರಿಕೆಗಳ ಮಾರ್ಗವಾಗಿ.

ಧ್ವನಿಮುದ್ರಿಕೆಯ ಪಾತ್ರವನ್ನು ಇಲ್ಲಿ ಪ್ರತ್ಯೇಕವಾಗಿ ವಿವೇಚಿಸಬೇಕು. ಅಬ್ದುಲ್ ಕರೀಮ್ ಖಾನರ ಝಿಂಝೋಟಿಯ ಠುಮರಿಯನ್ನು ಮುದ್ರಿಕೆಯಲ್ಲಿ ಕೇಳಿ ಬಾಲಕ ಭೀಮಸೇನ ಸಂಗೀತಕ್ಕೆ ಮನಸೋತದ್ದು ಪ್ರಸಿದ್ಧವಾಗಿದೆ. ನಿಮಿಷಕ್ಕೆ 78 ಸುತ್ತಿನ ಹತ್ತು ಅಂಗುಲದ ಮುದ್ರಿಕೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಗಾಯನ ಮಾತ್ರ. ಅದು ಸ್ವರದ ಲಗಾವನ್ನು, ನಾದದ ಆದರ್ಶವನ್ನು ಕಲಿಸಬಲ್ಲದು. ಎಷ್ಟು ಸಲ ಬೇಕಾದರೂ ಬೇಸರಿಸದೆ ಹೇಳಿಕೊಡಬಲ್ಲದು. ಆದರೆ ವಿಲಂಬಿತದ ಬಢತ್ತನ್ನು, ರಾಗವನ್ನು ತಾಸುಗಟ್ಟಲೆ ಬೆಳೆಸುವ ಕ್ರಮವನ್ನು ಅದು ಕಲಿಸಲಾರದು. ಹೀಗೆ ಹುಡುಗನಿಗೆ ದೊರೆತದ್ದು ಒಂದು ತುಣುಕು. ಮೊದಲ ಗುರು ಕುರ್ತಕೋಟಿಯ ಚನ್ನಪ್ಪನವರು ಭೈರವ, ಭೀಮಪಲಾಸಗಳನ್ನು ಕಲಿಸಿ ಅಭ್ಯಾಸಕ್ಕೆ ತಳಹದಿ ಹಾಕಿದರು. ಕೇಳಿದ ಆದರ್ಶಕ್ಕೂ ಕೈಗೆಟುಕಿದ ಪಾಠಕ್ಕೂ ನಡುವಣ ಈ ಅಂತರವೇ 1933ರ ನಿರ್ಗಮನದ ನಿಜವಾದ ಪ್ರೇರಣೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಬರಿಯ ಹುಡುಗಾಟಿಕೆ ಎಂದಾಗಲಿ, ದೈವಪ್ರೇರಣೆ ಎಂದಾಗಲಿ ಬಗೆಯುವುದರಿಂದ ಅದರ ಅರ್ಥ ಮಸುಕಾಗುತ್ತದೆ.

ಮುಂದಿನ ಮೂರು ವರ್ಷಗಳ ಅಲೆದಾಟ ಪುಣೆ, ಗ್ವಾಲಿಯರ್, ಕಲಕತ್ತಾ, ದಿಲ್ಲಿ, ಜಲಂಧರಗಳವರೆಗೆ ಹಬ್ಬಿತು. ಗ್ವಾಲಿಯರಿನಲ್ಲಿ ಸರೋದ್ ವಾದಕ ಹಾಫೀಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ವಿದ್ಯಾಲಯದಲ್ಲಿ ಪ್ರವೇಶ ದೊರೆಯಿತು. ಕೊನೆಗೆ ತಂದೆ ಜಲಂಧರದಲ್ಲಿ ಮಗನನ್ನು ಕಂಡು ಮರಳಿ ಕರೆತಂದರು. 1936ರಲ್ಲಿ ಗುರುವಾಗಿ ದೊರೆತವರು ಕುಂದಗೋಳದ ಸವಾಯಿ ಗಂಧರ್ವರು (1886-1952). ಅಬ್ದುಲ್ ಕರೀಮ್ ಖಾನರ ಶಿಷ್ಯರು, ರಂಗಭೂಮಿಯಲ್ಲಿ ಪಳಗಿದವರು. ಮುದ್ರಿಕೆಯಲ್ಲಿ ಕೇಳಿದ ತುಣುಕಿನ ಪೂರ್ಣರೂಪ ಮನೆಯ ನೆರೆಯಲ್ಲಿಯೇ ಇತ್ತು. ಇದನ್ನು ವಿಧಿವಿಲಾಸವೆಂದು ಬಣ್ಣಿಸುವವರಿದ್ದಾರೆ. ಆದರೆ ಉತ್ತರದ ಅಲೆದಾಟ ವ್ಯರ್ಥವಾಗಲಿಲ್ಲ. ಭೀಮಸೇನರ ಪ್ರೌಢ ಗಾಯನದಲ್ಲಿ ಕಿರಾಣಾದ ಸ್ವರಪ್ರಧಾನತೆಯ ಜೊತೆಗೆ ತಾನಿನ ಓಜಸ್ಸೂ ಬೇರೆ ಘರಾಣೆಗಳ ಅಂಶಗಳನ್ನು ಅರಗಿಸಿಕೊಳ್ಳುವ ಧೈರ್ಯವೂ ಇವೆ. ಒಂದೇ ಮನೆಯಲ್ಲಿ ಬೆಳೆದ ಕಿವಿಗೆ ಈ ವೈಶಾಲ್ಯ ಸುಲಭವಲ್ಲ. ಅಲೆದಾಟ ಬಯಕೆಯನ್ನು ಹಿಗ್ಗಿಸಿತು. ಕುಂದಗೋಳದ ಶಿಸ್ತು ಅದಕ್ಕೆ ಆಕಾರ ಕೊಟ್ಟಿತು.

ಆದರೂ ಓಡಿಹೋಗುವುದನ್ನೇ ಪ್ರತಿಭೆಯ ಲಕ್ಷಣವೆಂದು ಎತ್ತಿಹಿಡಿಯುವ ಕಥನಕ್ರಮದಲ್ಲಿ ಒಂದು ಅನ್ಯಾಯವಿದೆ. ಇದೇ ಗುರುವಿನ ಶಿಷ್ಯೆ ಗಂಗೂಬಾಯಿ ಹಾನಗಲ್ಲರು (1913-2009) ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ವಿದ್ಯೆ ಗಳಿಸಿದರು. ಆ ಕಾಲದ ಹೆಣ್ಣುಮಗಳಿಗೆ ಟಿಕೇಟಿಲ್ಲದೆ ಗ್ವಾಲಿಯರಿಗೆ ಹೋಗುವ ಸಾಹಸ ಸಾಧ್ಯವಿರಲಿಲ್ಲ. ಕಣ್ಣಿಲ್ಲದ ಬಡ ಬಾಲಕನಿಗೂ ಅದು ಸಾಧ್ಯವಿರಲಿಲ್ಲ. ಅಂಥವರಿಗೆ ಬೇಕಾದದ್ದು ಓಡುವ ದಾರಿಯಲ್ಲ, ನಿಲ್ಲುವ ನೆಲೆ.

ಆ ನೆಲೆಯನ್ನು ಗದಗಿನಲ್ಲಿಯೇ ಒದಗಿಸಿದವರು ಪಂಚಾಕ್ಷರ ಗವಾಯಿಗಳು (1892-1944). ಸ್ವತಃ ಅಂಧರಾಗಿದ್ದು, ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ನಾಟಕ-ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪರಿಣತಿ ಪಡೆದ ಅವರು ಕಟ್ಟಿದ ವೀರೇಶ್ವರ ಪುಣ್ಯಾಶ್ರಮವನ್ನು ಪುಟ್ಟರಾಜ ಗವಾಯಿಗಳು (1914-2010) ಬೆಳೆಸಿದರು. ಊಟ, ವಸತಿ, ವಿದ್ಯೆ ಮೂರನ್ನೂ ಬೆಲೆಯಿಲ್ಲದೆ ನೀಡಿದ ಈ ಸಂಸ್ಥೆ ಭಿಕ್ಷೆ ಮತ್ತು ನಾಟಕಗಳಿಂದ ತನ್ನನ್ನು ಪೋಷಿಸಿಕೊಂಡಿತು. 1953ರಲ್ಲಿ ಜನಿಸಿದ ಪಂ. ಎಂ. ವೆಂಕಟೇಶಕುಮಾರರ ಬಾಲ್ಯವನ್ನು ಭೀಮಸೇನರ ಬಾಲ್ಯದ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ತಂದೆ ಹುಲೆಪ್ಪನವರು ಜನಪದ ಗಾಯಕರು. ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು 1968ರಲ್ಲಿ ಹುಡುಗನನ್ನು ಆಶ್ರಮಕ್ಕೆ ಕರೆತಂದು ಬಿಟ್ಟರು. ಹನ್ನೆರಡು ವರ್ಷ ಆತ ಅಲ್ಲಿಯೇ ನಿಂತು ಕಲಿತ. ಒಬ್ಬರದು ಅಲೆದಾಟ, ಇನ್ನೊಬ್ಬರದು ನೆಲೆನಿಲ್ಲುವಿಕೆ. ಮೊದಲನೆಯದು ಕಥೆಯಾಗಿ ಮೆರೆಯಿತು. ಎರಡನೆಯದು ಪರಂಪರೆಯಾಗಿ ಉಳಿಯಿತು.

ಒಟ್ಟಿನಲ್ಲಿ, ಎಳೆಯ ಸಂಗೀತಗಾರನ ಹಿನ್ನೆಲೆಯ ಅಧ್ಯಯನವೆಂದರೆ ಅಸಾಧಾರಣ ಬಾಲಕನ ಮಹಿಮೆಯ ಸಂಗ್ರಹವಲ್ಲ. ಆತ ಏನನ್ನು ಕೇಳಿದ, ಯಾರು ಅನ್ನವಿಕ್ಕಿದರು, ಯಾವ ದಾರಿ ತೆರೆದಿತ್ತು, ಯಾರಿಗೆ ಆ ದಾರಿ ಮುಚ್ಚಿತ್ತು ಎಂಬ ಪ್ರಶ್ನೆಗಳು ಅದರ ಮುಖ್ಯ ಸಾಮಗ್ರಿ. ಚನ್ನಪ್ಪನವರಂಥ ಮೊದಲ ಗುರುಗಳಿಗೆ ನಮ್ಮ ಸಂಗೀತ ಚರಿತ್ರೆಯಲ್ಲಿ ಒಂದು ಸಾಲಿಗಿಂತ ಹೆಚ್ಚಿನ ಸ್ಥಳ ದೊರೆತಿಲ್ಲ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಮಠ, ಭಜನಾಮೇಳ, ನಾಟಕ ಮಂಡಳಿಗಳನ್ನು ಸಂಗೀತ ಶಿಕ್ಷಣದ ಕೇಂದ್ರಗಳೆಂದು ಪರಿಗಣಿಸಿ ಕ್ಷೇತ್ರಕಾರ್ಯ ನಡೆಯಬೇಕಾಗಿದೆ. ಅದು ನಡೆದಾಗ, 'ಜೋಶಿ ಮಾಸ್ತರರ ಮಗ'ನ ಕಥೆ ಒಬ್ಬನ ಕಥೆಯಾಗಿ ಉಳಿಯದೆ ಒಂದು ಸೀಮೆಯ ಕಿವಿಯ ಚರಿತ್ರೆಯಾಗುತ್ತದೆ.